‘ಸಲಾಂ ಬಾಂಬೇ’ ಚಿತ್ರದಲ್ಲಿ ಕಾಣದ ಒಬ್ಬರು

ಮೀರಾ ನಾಯರ್ ಅವರ ‘ಸಲಾಂ ಬಾಂಬೇ’ 1988ರಲ್ಲಿ ಬಂದ ಹಿಂದಿ ಚಿತ್ರ. ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಆಸ್ಕರ್‌ಗೆ ನಾಮಕರಣಗೊಂಡಿತು. ಕೃಷ್ಣನ ಪಾತ್ರ ವಹಿಸಿದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನ ಹುಡುಗ; ಆತನಿಗೆ ಬಾಲನಟನೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಇಂಥ ಚಿತ್ರದಲ್ಲಿ ಕೊರತೆ ಹೇಳಿದರೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳಬೇಕಾದ ಒಂದು ಮಾತಿದೆ.

ಮಕ್ಕಳ ಮಟ್ಟಿಗೆ ಚಿತ್ರ ಎಲ್ಲೂ ಸುಳ್ಳಾಡುವುದಿಲ್ಲ. ಸರ್ಕಸ್ಸಿನವರು ಬಿಟ್ಟುಹೋದ ಕೃಷ್ಣ ರೈಲು ಹತ್ತಿ ಮುಂಬಯಿಗೆ ಬರುತ್ತಾನೆ. 500 ರೂಪಾಯಿ ಕೂಡಿಸಿದರೆ ಮನೆಗೆ ಹೋಗಬಹುದೆಂದು ಚಹ ಹಂಚುತ್ತಾನೆ. ಮಕ್ಕಳ ಮನೋವಿಜ್ಞಾನ ಬಲ್ಲವರನ್ನು ಜೊತೆಗಿಟ್ಟುಕೊಂಡು, ಬೀದಿಯ ಮಕ್ಕಳನ್ನೇ ಕಲೆಹಾಕಿ ತಯಾರು ಮಾಡಿದ್ದರಿಂದ ಅವರ ಜಗಳ, ನಗು, ಮೌನ ಯಾವುದೂ ಕಲಿಸಿಕೊಟ್ಟ ಪಾಠದಂತಿಲ್ಲ. ನಮ್ಮ ದೊಡ್ಡ ದೊಡ್ಡ ನಟರು ಇದನ್ನು ಎರಡು ಸಲ ನೋಡಬೇಕು!

ತಕರಾರು ಇರುವುದು ರಿಮ್ಯಾಂಡ್ ಹೋಮಿನ ಭಾಗದಲ್ಲಿ. ಪೊಲೀಸರು ಕೃಷ್ಣನನ್ನೂ ಪುಟ್ಟ ಮಂಜುವನ್ನೂ ಹಿಡಿದೊಯ್ಯುತ್ತಾರೆ. ತಾಯಿ ರೇಖಾ ವೇಶ್ಯೆಯಾದ್ದರಿಂದ ಮಗಳನ್ನು ಒಪ್ಪಿಸುವಂತಿಲ್ಲವೆಂಬ ಉತ್ತರ ಸಿಗುತ್ತದೆ. ತಾಯಿಯ ಸಂಕಟ ನಮ್ಮನ್ನು ಕಲಕುತ್ತದೆ. ಆದರೆ ಆ ಮಗು ಬೆಳೆಯುತ್ತಿದ್ದುದು ಬಾಬಾನಂಥ ತಲೆಹಿಡುಕನ ನೆರಳಿನಲ್ಲಿ. ಹಾಗಾದರೆ ಎಲ್ಲಿಗೆ ಕಳಿಸಬೇಕಿತ್ತು? ಈ ಪ್ರಶ್ನೆಯ ಬಳಿ ಬಂದು ಚಿತ್ರ ಮುಂದೆ ಸರಿದುಬಿಡುತ್ತದೆ. ಉತ್ತರ ಹುಡುಕಬೇಕಾದ ಸಮಾಜ ಕಾರ್ಯಕರ್ತೆಗೂ ಬಾಗಿಲ ಬೀಗಕ್ಕೂ ಅದು ಭೇದವನ್ನೇ ಕಾಣುವುದಿಲ್ಲ. ಕಚೇರಿಯ ಮೇಜಿನ ಹಿಂದೆ ಕೂತು ಬೈಸಿಕೊಂಡು ಅಭ್ಯಾಸವಿರುವ ನಮಗೆ ಇದು ತುಸು ಹೆಚ್ಚಾಗಿಯೇ ಕಂಡಿರಬಹುದು.

ಈಗ ಜಾರಿಯಲ್ಲಿರುವ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು; ಅದರ ಮನೆ, ಪರಿಸ್ಥಿತಿಗಳ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯವೆಂದೂ ಕಾಯ್ದೆ ಹೇಳುತ್ತದೆ. ಆ ತನಿಖೆಗೆ ಅಲೆಯುವವರು ಯಾರು? ಎಷ್ಟೋ ಕಡೆ ಗುತ್ತಿಗೆಯ ಮೇಲೆ ದುಡಿಯುವ ಕಾರ್ಯಕರ್ತರು. ಮಗುವನ್ನು ಮನೆಗೆ ಕಳಿಸಿ ಅನಾಹುತವಾದರೆ ಅವರದೇ ತಪ್ಪು, ಕಳಿಸದಿದ್ದರೆ ಕಲ್ಲುಹೃದಯದವರೆಂಬ ಹೆಸರು. ಅವರ ಒಂದು ದಿನವನ್ನು ತೋರಿಸಿದ್ದರೆ ರೇಖಾಳ ದುಃಖ ಕಡಿಮೆಯಾಗುತ್ತಿರಲಿಲ್ಲ, ಇನ್ನಷ್ಟು ಆಳವಾಗುತ್ತಿತ್ತು.

ಚಿತ್ರ ತಂದ ಒಳಿತನ್ನೂ ಹೇಳಬೇಕು. ಅದರ ಬೆನ್ನಲ್ಲೇ 1988ರಲ್ಲಿ ದೆಹಲಿಯಲ್ಲಿ ‘ಸಲಾಂ ಬಾಲಕ್ ಟ್ರಸ್ಟ್’ ಹುಟ್ಟಿ ಬೀದಿಯ ಮಕ್ಕಳ ಕೆಲಸಕ್ಕೆ ನಿಂತಿತು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಮಕ್ಕಳ ಸಹಾಯವಾಣಿ ಮುಂದೆ ದೇಶದೆಲ್ಲೆಡೆ ಹಬ್ಬಿತು.

ಊರು ಬಿಟ್ಟು ಬಂದ ನಾವು ಈ ಚಿತ್ರವನ್ನು ಕಣ್ಣೊರೆಸಿಕೊಂಡು ಮರೆಯುವಂತಿಲ್ಲ. ಕನ್ನಡ ಬಿಟ್ಟು ಬೇರೇನೂ ಬಾರದ ಮಗು ಇಲ್ಲಿ ಸಮಿತಿಯ ಮುಂದೆ ನಿಂತರೆ, ಅದರ ಊರಿನ ಹೆಸರು ಬಿಡಿಸಿಕೊಳ್ಳಲು ಕಾರ್ಯಕರ್ತೆಗೆ ಕನ್ನಡ ಬಲ್ಲವರೊಬ್ಬರು ಬೇಕು. ಸಂಘದ ಸದಸ್ಯರಲ್ಲಿ ಬಿಡುವಿರುವ ನಾಲ್ಕು ಜನರ ಹೆಸರನ್ನು ಸಮಿತಿಗೆ ಬರೆದುಕೊಡಲು ಕಾರ್ಯದರ್ಶಿಯವರು ಮನಸ್ಸು ಮಾಡಬೇಕು.