ಗೆರೆ ಎಳೆದು ವಾಕ್ಯ ಕಲಿಯೋದು: ಸೆಂಟೆನ್ಸ್ ಡಯಾಗ್ರಾಮ್ ಕನ್ನಡಕ್ಕೆ ಒಗ್ಗುತ್ತಾ?

ಒಂದು ಅಡ್ಡ ಗೆರೆ ಎಳೀರಿ. ಅದನ್ನ ಸೀಳಿಕೊಂಡು ಹೋಗೋ ಹಾಗೆ ಮಧ್ಯದಲ್ಲಿ ಒಂದು ನಿಂತ ಗೆರೆ ಎಳೀರಿ. ಎಡಕ್ಕೆ ಸಬ್ಜೆಕ್ಟ್, ಬಲಕ್ಕೆ ವರ್ಬ್. 'ಡಾಗ್ಸ್ ಬಾರ್ಕ್' ಅಂತ ಬರೆದುಬಿಟ್ಟರೆ ನಿಮ್ಮ ಮೊದಲ ಸೆಂಟೆನ್ಸ್ ಡಯಾಗ್ರಾಮ್ ತಯಾರು. ಆಬ್ಜೆಕ್ಟ್ ಇದ್ದರೆ ವರ್ಬ್ ಆದಮೇಲೆ ಇನ್ನೊಂದು ನಿಂತ ಗೆರೆ, ಆದರೆ ಇದು ಅಡ್ಡ ಗೆರೆಯನ್ನ ದಾಟಿ ಕೆಳಗಿಳಿಯಲ್ಲ. ವಿಶೇಷಣಗಳು ತಮ್ಮ ತಮ್ಮ ಪದದ ಕೆಳಗೆ ಓರೆ ಗೆರೆಗಳ ಮೇಲೆ ಜೋತುಬೀಳುತ್ತವೆ.

ಈ ಪದ್ಧತಿಯನ್ನ ಕೊಟ್ಟವರು ಬ್ರೂಕ್ಲಿನ್‌ನ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡ್ತಿದ್ದ ಅಲೊನ್ಜೊ ರೀಡ್ ಮತ್ತು ಬ್ರೈನರ್ಡ್ ಕೆಲಾಗ್. ಅವರ 'ಹೈಯರ್ ಲೆಸನ್ಸ್ ಇನ್ ಇಂಗ್ಲಿಷ್' ಬಂದದ್ದು 1877ರಲ್ಲಿ. ಅದಕ್ಕೂ 30 ವರ್ಷ ಮುಂಚೆ, 1847ರಲ್ಲಿ, ಎಸ್. ಡಬ್ಲ್ಯು. ಕ್ಲಾರ್ಕ್ ಅನ್ನೋ ಮೇಷ್ಟ್ರು ಪದಗಳನ್ನ ಬಲೂನಿನಂಥ ಗುಳ್ಳೆಗಳೊಳಗೆ ಕೂರಿಸಿ ಒಂದಕ್ಕೊಂದು ಅಂಟಿಸಿದ್ದರು. ಗುಳ್ಳೆ ಹೋಗಿ ಗೆರೆ ಬಂತು, ಅಮೆರಿಕದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಉಳೀತು. ಆಮೇಲೆ ಪೆಟ್ಟು ಬಿತ್ತು. ವ್ಯಾಕರಣದ ಪಾಠದಿಂದ ಮಕ್ಕಳ ಬರವಣಿಗೆ ಸುಧಾರಿಸಲ್ಲ ಅಂತ 1963ರ ಒಂದು ಹೆಸರಾಂತ ವರದಿ ಹೇಳಿತು. 1985ರಲ್ಲಿ ಅಲ್ಲಿನ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿ ಬಿಡಿಬಿಡಿ ವ್ಯಾಕರಣದ ಡ್ರಿಲ್‌ಗಳ ವಿರುದ್ಧ ನಿರ್ಣಯ ಮಾಡಿತು. ಆದರೂ ಕೆಲವು ಖಾಸಗಿ ಶಾಲೆಗಳಲ್ಲಿ, ಹೋಮ್‌ಸ್ಕೂಲ್ ಮನೆಗಳಲ್ಲಿ ಡಯಾಗ್ರಾಮ್ ಇನ್ನೂ ಬದುಕಿದೆ.

ಆ ಟೀಕೆ ಸರಿಯೇ, ಆದರೆ ಅದು ಕೇಳಿದ ಪ್ರಶ್ನೆ ಬೇರೆ. ಗೆರೆ ಎಳೆದ ಮಾತ್ರಕ್ಕೆ ಯಾರೂ ಚೆನ್ನಾಗಿ ಬರೆಯೋದಿಲ್ಲ. ಅಸ್ಥಿಪಂಜರದ ಚಿತ್ರ ನೋಡಿ ಯಾರೂ ಡ್ಯಾನ್ಸ್ ಕಲಿಯಲ್ಲವಲ್ಲ, ಹಾಗೆ. ಡಯಾಗ್ರಾಮ್ ಕಲಿಸೋದು ನೋಡೋದನ್ನ. 'ಐ ಸಾ ದ ಮ್ಯಾನ್ ವಿತ್ ದ ಟೆಲಿಸ್ಕೋಪ್' ತಗೊಳ್ಳಿ. ಟೆಲಿಸ್ಕೋಪ್ ಯಾರ ಕೈಯಲ್ಲಿದೆ? 'ವಿತ್' ಅನ್ನೋ ಓರೆ ಗೆರೆಯನ್ನ 'ಸಾ' ಕೆಳಗೆ ಎಳೆದರೆ ನನ್ನ ಕೈಯಲ್ಲಿ, 'ಮ್ಯಾನ್' ಕೆಳಗೆ ಎಳೆದರೆ ಅವನ ಕೈಯಲ್ಲಿ. ಗೆರೆ ಎಳೆಯೋಕೆ ಹೋದವರು ಎರಡರಲ್ಲಿ ಒಂದನ್ನ ಆರಿಸಲೇಬೇಕು.

ಇದೇ ಕೆಲಸ ಕನ್ನಡದಲ್ಲೂ ಆಗುತ್ತೆ. 'ಹಳೇ ಮನೆಯ ಬಾಗಿಲು' ಅಂದಾಗ ಹಳೇದು ಮನೆಯೋ ಬಾಗಿಲೋ? ಎರಡು ಚಿತ್ರ ಬರೀರಿ, ಗೊತ್ತಾಗುತ್ತೆ. ಇಲ್ಲಿವರೆಗೆ ರೀಡ್–ಕೆಲಾಗ್‌ಗೆ ಜೈ.

ಈಗ 'ನನಗೆ ಹಸಿವಾಗಿದೆ' ಬರೆಯೋಕೆ ನೋಡಿ. ಹಸಿದಿರೋದು ನೀವು. ಆದರೆ ಮುಖ್ಯ ಗೆರೆಯ ಎಡಗಡೆ ನಿಮಗೆ ಜಾಗ ಇಲ್ಲ. ಅಲ್ಲಿ 'ಹಸಿವು' ಕೂತಿದೆ. 'ನನಗೆ' ಓರೆ ಗೆರೆಯ ಮೇಲೆ ಕೆಳಕ್ಕೆ ಇಳೀತು. ಇಂಗ್ಲಿಷಿನ 'ಐ ಆಮ್ ಹಂಗ್ರಿ'ಯಲ್ಲಿ 'ಐ' ಸಿಂಹಾಸನದ ಮೇಲೇ ಇರುತ್ತೆ. ಇಂಗ್ಲಿಷಿನ ಗೆರೆ ತಲೆಯಲ್ಲಿಟ್ಟುಕೊಂಡು ಕನ್ನಡ ಕಲಿಯೋರು 'ನಾನು ಹಸಿವಾಗಿದ್ದೀನಿ' ಅಂದಾಗ ಅದು ದಡ್ಡತನ ಅಲ್ಲ, ಆ ಗೆರೆಗೆ ಅವರು ತೋರಿಸ್ತಿರೋ ನಿಷ್ಠೆ. ಹಸಿವು, ನೋವು, ಇಷ್ಟ, ನೆನಪು ಇವೆಲ್ಲ ಕನ್ನಡದಲ್ಲಿ ನಾವು ಮಾಡೋ ಕೆಲಸಗಳಲ್ಲ, ನಮಗೆ ಆಗೋ ಸಂಗತಿಗಳು. ಆ 'ಗೆ' ಹೇಳೋದು ಅದನ್ನೇ.

'ನಮ್ಮ ಊರು ಧಾರವಾಡ' ಅನ್ನಿ. ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ತಿ. ರೀಡ್–ಕೆಲಾಗ್ ಚಿತ್ರದಲ್ಲಿ ವರ್ಬಿನ ಜಾಗ ಖಾಲಿ ಹೊಡೆಯುತ್ತೆ. ಅದನ್ನ ನೋಡಿ ಇಲ್ಲಿ ಏನೋ ಬಿಟ್ಟುಹೋಗಿದೆ ಅನ್ನಬೇಡಿ. ಏನೂ ಬಿಟ್ಟುಹೋಗಿಲ್ಲ.

ಉಲ್ಟಾ ಕೂಡ ನೋಡಿ. 'ಶಿ ಗೇವ್ ಮಿ ಎ ಬುಕ್' ಅನ್ನೋದರಲ್ಲಿ 'ಮಿ'ಯನ್ನ ತೋರಿಸೋಕೆ ವರ್ಬಿನ ಕೆಳಗೆ ಒಂದು ಓರೆ ಗೆರೆ ಎಳೆದು, ಅದರ ಮೇಲೆ ಏನೂ ಬರೆಯದೆ ಬಿಡ್ತಾರೆ. ಹೇಳದೇ ಉಳಿದ ಒಂದು 'ಟು' ಅಲ್ಲಿದೆ ಅಂತ ಲೆಕ್ಕ. ಅದನ್ನೇ ನಾವು ಹೇಗೆ ಹೇಳ್ತೀವಿ? 'ನನಗೆ ಪುಸ್ತಕ ಕೊಟ್ಟಳು.' ಇಂಗ್ಲಿಷ್ ಖಾಲಿ ಬಿಟ್ಟ ಗೆರೆಯ ಮೇಲೆ ನಮ್ಮ 'ಗೆ' ರಾಜಾರೋಷವಾಗಿ ಕೂತಿದೆ. ಹಾಗೇ 'ದ ಡಾಗ್ ದಟ್ ಬಿಟ್ ದ ಬಾಯ್' ಬರೆಯೋಕೆ ಕೆಳಗೆ ಇನ್ನೊಂದು ಪೂರ್ತಿ ವಾಕ್ಯ ಬರೆದು, 'ದಟ್'ನಿಂದ 'ಡಾಗ್'ಗೆ ಚುಕ್ಕೆ ಗೆರೆ ಎಳೀಬೇಕು. 'ಹುಡುಗನ್ನ ಕಚ್ಚಿದ ನಾಯಿ'ಗೆ ಚುಕ್ಕೆ ಗೆರೆಯೇ ಬೇಡ. 'ಕಚ್ಚಿದ' ಅನ್ನೋದು ವಿಶೇಷಣದ ಹಾಗೆ ನಾಯಿಯ ಕೆಳಗೆ ಸುಮ್ಮನೆ ನೇತಾಡುತ್ತೆ, 'ಹುಡುಗನ್ನ' ಅದಕ್ಕೆ ಜೋಡಿಕೊಳ್ಳುತ್ತೆ.

ಒಂದು ಭಾಷೆಗೆ ಹೊಲಿದ ಅಂಗಿಯನ್ನ ಇನ್ನೊಂದಕ್ಕೆ ತೊಡಿಸೋ ಈ ಜಗಳ ನಮಗೆ ಹೊಸದಲ್ಲ. ಕೇಶಿರಾಜ 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದಾಗ ಅವನ ಮುಂದಿದ್ದ ಚೌಕಟ್ಟು ಸಂಸ್ಕೃತದ್ದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಡಿ. ಎನ್. ಶಂಕರ ಬಟ್ಟರು ವರ್ಷಗಟ್ಟಲೆ ವಾದಿಸಿದ್ದು ಇದಕ್ಕೇ. ಹೊರದೇಶದಲ್ಲಿ ಬೆಳೆಯೋ ಮಕ್ಕಳ ವಿಷಯದಲ್ಲಿ ಆ ಚೌಕಟ್ಟು ಇಂಗ್ಲಿಷಿನದ್ದಾಗಿದೆ, ಅಷ್ಟೇ ವ್ಯತ್ಯಾಸ. ಆ ಚೌಕಟ್ಟಿಗೆ ಕೂರದ ಕನ್ನಡ ಅವರಿಗೆ ಉಲ್ಟಾಪಲ್ಟಾ ಭಾಷೆ ಥರ ಕಾಣುತ್ತೆ. ಅಲ್ಲಿಂದ 'ನನಗೆ ಕನ್ನಡ ಬರಲ್ಲ' ಅನ್ನೋದಕ್ಕೆ ಒಂದೇ ಹೆಜ್ಜೆ.

ಹಾಗಾಗಿ ಡಯಾಗ್ರಾಮ್ ಬಿಸಾಕಿ ಅಂತ ನಾನು ಹೇಳಲ್ಲ. ಇಂಗ್ಲಿಷಿಗೆ ಧಾರಾಳವಾಗಿ ಬಳಸಿ. ಕನ್ನಡಕ್ಕೂ ಬಳಸಿ, ಆದರೆ ಅಳತೆಗೋಲು ಅಂತಲ್ಲ, ಟಾರ್ಚ್ ಅಂತ. ಎಲ್ಲಿ ಗೆರೆ ಸಲೀಸಾಗಿ ಕೂರುತ್ತೋ ಅಲ್ಲಿ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ. ಎಲ್ಲಿ ಕೂರಲ್ವೋ ಅಲ್ಲಿ ನಿಲ್ಲಿ. ಕನ್ನಡದ ವ್ಯಾಕರಣ ಶುರುವಾಗೋದೇ ಅಲ್ಲಿಂದ. ನಾಳೆ ಯಾರಾದರೂ 'ನಿನಗೆ ಕನ್ನಡ ಬರುತ್ತಾ?' ಅಂತ ಕೇಳಿದರೆ ಆ ಪ್ರಶ್ನೆಯಲ್ಲೂ ಒಂದು 'ಗೆ' ಇದೆ ನೋಡಿ. ಕನ್ನಡದಲ್ಲಿ ಭಾಷೆ ಕೂಡ ನಮಗೆ ಬರೋ ಸಂಗತಿಯೇ.