ಆಟೋ ಹಿಂದಿನ ಚಿತ್ರದಾಚೆ ಶಂಕರ್‌ನಾಗ್

ಲೋಣಾವಳಾದ ಮಳೆಯಲ್ಲಿ ವಾರಾಂತ್ಯಕ್ಕೆ ಬೇರೇನು ಕೆಲಸ? ಶಂಕರ್‌ನಾಗ್ ನಿರ್ದೇಶಿಸಿದ್ದನ್ನು ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ. ಇಲ್ಲಿನ ಮರಾಠಿ ಗೆಳೆಯರಿಗೆ ‘ಮಾಲ್ಗುಡಿ ಡೇಸ್’ ಗೊತ್ತು, ನಿರ್ದೇಶಕ ಯಾರೆಂದು ಗೊತ್ತಿಲ್ಲ. ನಮ್ಮವರಿಗೆ ಹೆಸರು ಗೊತ್ತು, ಆದರೆ ಆಟೋ ಹಿಂದೆ ಅಂಟಿಸಿದ ‘ಆಟೋ ರಾಜ’ನಾಗಿ ಮಾತ್ರ. ಅದು ಅವರು ನಿರ್ದೇಶಿಸಿದ ಚಿತ್ರವೇ ಅಲ್ಲ!

ನನ್ನ ಮಟ್ಟಿಗೆ ‘ಆಕ್ಸಿಡೆಂಟ್’ (1985) ಅವರ ಅತ್ಯುತ್ತಮ ಸಿನಿಮಾ. ಹಾಡಿಲ್ಲ. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ರಾಜಕಾರಣಿಯ ಮಗನ ಕಾರು ಹರಿಯುತ್ತದೆ; ಮುಂದಿನದೆಲ್ಲ ಅದನ್ನು ಮುಚ್ಚಿಹಾಕುವ ಕಸರತ್ತು. ಅಪ್ಪನಾಗಿ ಅನಂತ್‌ನಾಗ್ ನಮ್ಮಲ್ಲಿ ಸಿಟ್ಟಿಗಿಂತ ಹೆಚ್ಚು ಭಯ ಹುಟ್ಟಿಸುತ್ತಾರೆ. 2024ರಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರು ನಮ್ಮಂಥ ಇಬ್ಬರು ಐಟಿಯವರ ಜೀವ ತೆಗೆದಾಗ, ದಿನಾ ಪತ್ರಿಕೆ ಬಿಡಿಸಿದರೆ ಇದೇ ಸಿನಿಮಾ ನೆನಪಾಗುತ್ತಿತ್ತು.

‘ಒಂದು ಮುತ್ತಿನ ಕಥೆ’ (1987) ಅಷ್ಟು ಗಟ್ಟಿಯಿಲ್ಲ. ಸ್ಟೈನ್‌ಬೆಕ್‌ನ ಬಡ ಮುಳುಗುಗಾರ ರಾಜ್‌ಕುಮಾರ್ ಆದಕೂಡಲೇ ನಮಗೆ ಅವನ ಚಿಂತೆ ಹೋಗಿಬಿಡುತ್ತದೆ, ಅಣ್ಣಾವ್ರು ಸೋಲುವುದುಂಟೇ? ‘ಮಾಲ್ಗುಡಿ’ಗೆ ಆ ಭಾರವಿರಲಿಲ್ಲ. ಮಾಸ್ಟರ್ ಮಂಜುನಾಥನ ಸ್ವಾಮಿ ಹಿಂದಿ ಮಾತಾಡಿದರೂ ಆಗುಂಬೆಯ ದೊಡ್ಡಮನೆಯ ಜಗಲಿ ಮೇಲೆ ನಮ್ಮ ಹುಡುಗನಾಗಿಯೇ ಕೂತಿರುತ್ತಾನೆ. 1990ರ ಸೆಪ್ಟೆಂಬರ್ 30ರಂದು ಅನಗೋಡಿನ ಬಳಿ ಅಪಘಾತದಲ್ಲಿ ಹೋದಾಗ ಶಂಕರ್‌ಗೆ ಇನ್ನೂ 35.