ಐಪ್ಯಾಡ್ ಪ್ರೊ: ಯಾರ ದಿನನಿತ್ಯದ ಕೆಲಸಕ್ಕೆ?

ಐಪ್ಯಾಡ್ ಇದ್ದರೆ ಇನ್ನು ಲ್ಯಾಪ್‌ಟಾಪ್ ಬೇಡ ಎಂಬ ತೀರ್ಪನ್ನು ನಾವು ಹತ್ತು ವರ್ಷಗಳಿಂದ ಓದುತ್ತಿದ್ದೇವೆ. 2015ರಲ್ಲಿ ಐಪ್ಯಾಡ್ ಪ್ರೊ ಬಂದಾಗ, ಇನ್ನು ಪಿಸಿ ಯಾಕೆ ಕೊಳ್ಳಬೇಕು ಎಂದು ಟಿಮ್ ಕುಕ್ ಅವರೇ ಕೇಳಿದ್ದರು. 2020ರಲ್ಲಿ ಟ್ರ್ಯಾಕ್‌ಪ್ಯಾಡ್ ಬಂತು, 2021ರಲ್ಲಿ ಎಂ1 ಚಿಪ್ ಬಂತು. 2025ರಲ್ಲಿ ಐಪ್ಯಾಡ್‌ಓಎಸ್ 26ರ ಜೊತೆಗೆ ಬೇಕಾದ ಅಳತೆಗೆ ಎಳೆದುಕೊಳ್ಳುವ ವಿಂಡೋಗಳೂ ಮೇಲ್ತುದಿಯ ಮೆನುವೂ ಬಂದವು. ಪ್ರತಿ ಸಲವೂ ಇದೊಂದೇ ಬಾಕಿಯಿತ್ತು ಎಂದ ವಿಮರ್ಶಕರು ಈಗ ಬಾಕಿಯೇ ಇಲ್ಲ ಎನ್ನುತ್ತಿದ್ದಾರೆ. ಅವರು ಹಿಡಿದುಕೊಂಡ ಪಟ್ಟಿಯೇ ತಪ್ಪು ಎಂಬುದು ನನ್ನ ತಕರಾರು.

ಯಂತ್ರದ ಗುಣದ ಬಗ್ಗೆ ಜಗಳವಿಲ್ಲ. 2024ರ 13 ಇಂಚಿನ ಎಂ4 ಐಪ್ಯಾಡ್ ಪ್ರೊ ಬರೀ 5.1 ಮಿಲಿಮೀಟರ್ ದಪ್ಪ. ಅದರ ಪರದೆಯ ಮೇಲೆ ಪಿಡಿಎಫ್ ಕರಡನ್ನು ಪೆನ್ಸಿಲ್ ಹಿಡಿದು ತಿದ್ದುವ ಸುಖವನ್ನು ಯಾವ ಲ್ಯಾಪ್‌ಟಾಪೂ ಕೊಡಲಾರದು. ಬಿಟ್ಟುಹೋದ ಒತ್ತನ್ನು ಅಂಚಿನಲ್ಲಿ ಕೈಯಾರೆ ಬರೆಯಬಹುದು. ಚಿತ್ರ ಬರೆಯುವವರಿಗೂ ಇದಕ್ಕಿಂತ ಒಳ್ಳೆಯ ಹಲಗೆ ಸಿಕ್ಕಲಿಕ್ಕಿಲ್ಲ.

ಈಗ ಆ ಕರಡು ಪಿಡಿಎಫ್ ಆಗುವುದಕ್ಕೆ ಮುಂಚಿನ ಹಂತಕ್ಕೆ ಬರೋಣ. ಕನ್ನಡ ಪ್ರಕಾಶನದಲ್ಲಿ ಕೆಲಸ ಮಾಡುವ ಯಾರಿಗೂ ಇದು ಹೊಸದಲ್ಲ. ಲೇಖಕರು ಒಂದು ವರ್ಡ್ ಫೈಲ್ ಕಳಿಸುತ್ತಾರೆ. ಡಿಟಿಪಿಯವರಿಂದ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿಸಿದ್ದು. ಐಪ್ಯಾಡ್‌ನಲ್ಲಿ ತೆರೆದರೆ ‘ಕನ್ನಡ’ ಎಂಬ ಮೂರಕ್ಷರದ ಪದ ಏಳು ಗುರುತುಗಳಾಗಿ ಬಿದ್ದಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಎಸ್ಸೆಟ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಹಳೆಯ ನುಡಿ ಅಕ್ಷರವನ್ನು ಇಡಿಯಾಗಿ ಉಳಿಸಿಡುವುದಿಲ್ಲ, ಬಿಡಿಬಿಡಿಯಾಗಿ ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸುತ್ತದೆ. ಪಿ ಇದ್ದ ಕಡೆ ಕಕಾರದ ಒಡಲು, ಗೀಟಿನ ಎ ಇದ್ದ ಕಡೆ ತಲೆಕಟ್ಟು, ಎಸ್ಸೆಟ್ ಇದ್ದ ಕಡೆ ನಕಾರದ ಒತ್ತು. ನುಡಿಯ ಫಾಂಟ್ ಇದ್ದರೆ ಈ ತುಂಡುಗಳು ಕೂಡಿಕೊಂಡು ಕನ್ನಡವಾಗುತ್ತವೆ, ಇಲ್ಲದಿದ್ದರೆ ಹಾಗೇ ಚೆಲ್ಲಿಕೊಂಡಿರುತ್ತವೆ.

ಐಪ್ಯಾಡ್‌ಗೂ ಫಾಂಟ್ ಹಾಕಬಹುದಲ್ಲ ಎನ್ನುತ್ತೀರಿ. ಹಾಕಬಹುದು, 2019ರಿಂದ ಅದಕ್ಕೆ ದಾರಿಯಿದೆ. ಆಗ ಫೈಲನ್ನು ಓದಬಹುದು. ತಿದ್ದಲು ಹೊರಟರೆ ಅಸಲು ತೊಡಕು. ಐಪ್ಯಾಡ್‌ನ ಕನ್ನಡ ಕೀಲಿಮಣೆ ಯೂನಿಕೋಡ್ ಅಕ್ಷರವನ್ನೇ ಮೂಡಿಸುತ್ತದೆ, ಆದರೆ ಹಳೆಯ ನುಡಿಯ ಸಂಕೇತದಲ್ಲಿ ಟೈಪಿಸುವ ತಂತ್ರಾಂಶ ಇರುವುದು ವಿಂಡೋಸ್‌ಗೆ. ಒಂದು ವಾಕ್ಯ ಸೇರಿಸಿದಿರೋ, ಒಂದೇ ಪ್ಯಾರಾದೊಳಗೆ ಎರಡು ಬಗೆಯ ಸಂಕೇತಗಳು ಬೆರೆತವು. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಂಡೀತು. ಆ ಫೈಲ್ ಇನ್ನೂ ಪೇಜ್‌ಮೇಕರ್ ಬಿಡದ ಮುದ್ರಣಾಲಯಕ್ಕೆ ಹೋದಾಗ, ಯೂನಿಕೋಡ್ ಅರಿಯದ ಆ ತಂತ್ರಾಂಶದಲ್ಲಿ ನೀವು ತಿದ್ದಿದ ಭಾಗವೇ ಕೈಕೊಡುತ್ತದೆ. ಜಾಲದ ಪರಿವರ್ತಕಗಳಲ್ಲಿ ಪಠ್ಯ ಸುರಿದು ಯೂನಿಕೋಡ್ ಮಾಡಿಕೊಳ್ಳಬಹುದು ನಿಜ. ಆದರೆ ಹಾಗೆ ನಕಲಿಸಿ ಅಂಟಿಸುವಾಗ ದಪ್ಪಕ್ಷರ, ಅಡಿಟಿಪ್ಪಣಿಗಳೆಲ್ಲ ಕಳಚಿಕೊಳ್ಳುತ್ತವೆ. ಮುನ್ನೂರು ಪುಟದ ಸಂಶೋಧನಾ ಗ್ರಂಥಕ್ಕೆ ಅಡಿಟಿಪ್ಪಣಿಗಳನ್ನು ಮತ್ತೆ ಜೋಡಿಸುವುದೆಂದರೆ ಇನ್ನೊಂದು ಪುಸ್ತಕ ಮಾಡಿದಷ್ಟೇ ಶ್ರಮ. ಹಳೆಯ ವಿಂಡೋಸ್ ಲ್ಯಾಪ್‌ಟಾಪೊಂದು ಇದೇ ಫೈಲನ್ನು ತೆರೆದು, ತಿದ್ದಿ, ಉಳಿಸಿ ಕೊಡುತ್ತದೆ.

ತಪ್ಪು ನುಡಿಯದು, ಐಪ್ಯಾಡ್‌ನದಲ್ಲ. ಎಲ್ಲರೂ ಯೂನಿಕೋಡ್‌ಗೆ ಬರಲಿ ಎಂದು ತಂತ್ರಜ್ಞಾನದ ಅಂಕಣಕಾರರು ಹೇಳುತ್ತಾರೆ. ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ತೀರ್ಪು ಕೊಡುತ್ತಿರುವುದು ದಿನನಿತ್ಯದ ಕೆಲಸದ ಬಗ್ಗೆ. ಆ ಕೆಲಸ ಇವತ್ತು ಹೇಗಿದೆಯೋ ಹಾಗೆ ಅಳೆಯಬೇಕೇ ಹೊರತು ಹೇಗಿರಬೇಕಿತ್ತು ಎಂದಲ್ಲ. ಇವರಲ್ಲಿ ಹಲವರು ಪುರಾವೆಯಾಗಿ ಒಂದೇ ಸಾಲು ಮುಂದಿಡುತ್ತಾರೆ: ಈ ವಿಮರ್ಶೆಯನ್ನು ಐಪ್ಯಾಡ್‌ನಲ್ಲೇ ಬರೆದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಬರೆಯುವುದು, ಫೋಟೊ ಹೊಂದಿಸುವುದು, ಮೇಲ್ ಕಳಿಸುವುದು: ವಿಮರ್ಶಕನ ಕೆಲಸ ಅವನಲ್ಲೇ ಶುರುವಾಗಿ ಅವನಲ್ಲೇ ಮುಗಿಯುತ್ತದೆ. ಫೈಲ್ ಯಾವ ರೂಪದಲ್ಲಿರಬೇಕು, ಯಾವ ಆ್ಯಪ್ ಬೇಕು ಎಂಬುದೆಲ್ಲ ಅವನ ಆಯ್ಕೆ. ಉಳಿದವರಿಗೆ ಆ ಭಾಗ್ಯವಿಲ್ಲ. ಅವರ ಕೆಲಸ ಇನ್ನೊಬ್ಬರ ಮೇಜಿನಿಂದ ಬಂದು ಮತ್ತೊಬ್ಬರ ಮೇಜಿಗೆ ಹೋಗುತ್ತದೆ, ರೂಪ ತೀರ್ಮಾನಿಸುವವರು ಬೇರೆಯೇ ಇರುತ್ತಾರೆ. ಲ್ಯಾಪ್‌ಟಾಪ್‌ನ ಬೆಲೆ ಅದರ ಕೀಲಿಮಣೆಯಲ್ಲೋ ವಿಂಡೋಗಳಲ್ಲೋ ಇಲ್ಲ. ಯಾರೋ, ಎಂದೋ, ಯಾವುದರಲ್ಲೋ ಮಾಡಿಟ್ಟದ್ದನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದರಲ್ಲಿದೆ. ವಿಮರ್ಶಕರ ಬಾಕಿ ಪಟ್ಟಿಯಲ್ಲಿ ಇದು ಒಮ್ಮೆಯೂ ಬರಲಿಲ್ಲ.

ಕನ್ನಡದ ಫೈಲಿಗೆ ಮಾತ್ರ ಅಂಟಿದ ತೊಂದರೆ ಎಂದುಕೊಳ್ಳುವವರು ಆಡಿಟರ್ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಬೇಕು. ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಹಾಕಬೇಕಾದರೆ ಎಂಸೈನರ್ ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿ ಓಡುತ್ತಿರಬೇಕು, ಐಪ್ಯಾಡ್‌ಗೆ ಅದಿಲ್ಲ. ಕಕ್ಷಿದಾರರು ಕಳಿಸಿದ ಎಕ್ಸೆಲ್ ಹಾಳೆಯಲ್ಲಿ ಮ್ಯಾಕ್ರೊ ಇದ್ದರೆ ಐಪ್ಯಾಡ್‌ನ ಎಕ್ಸೆಲ್ ಅದನ್ನು ಓಡಿಸುವುದಿಲ್ಲ. ಚಿಪ್ ಎಷ್ಟು ಚುರುಕಾದರೂ ಇವು ಬಗೆಹರಿಯುವಂಥವಲ್ಲ.

ದುಡ್ಡಿನ ಮಾತು ಬಿಡುವಂತಿಲ್ಲ. 2024ರಲ್ಲಿ ಬಂದಾಗ 11 ಇಂಚಿನ ಐಪ್ಯಾಡ್ ಪ್ರೊ ಬೆಲೆ 99,900 ರೂಪಾಯಿ, ಅದರ ಮ್ಯಾಜಿಕ್ ಕೀಬೋರ್ಡ್‌ಗೆ ಮತ್ತೆ 29,900. ಆ್ಯಪಲ್‌ನದೇ ಎಂ4 ಮ್ಯಾಕ್‌ಬುಕ್ ಏರ್ 2025ರಲ್ಲಿ 99,900ಕ್ಕೆ ಬಂತು, ಕೀಬೋರ್ಡ್ ಸಮೇತ. ಅದರ ಅರ್ಧ ಬೆಲೆಗೆ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಸಿಗುತ್ತದೆ. ಎರಡನ್ನೂ ಇಟ್ಟುಕೊಳ್ಳಬಲ್ಲವರು ಐಪ್ಯಾಡ್ ಖಂಡಿತ ಕೊಳ್ಳಲಿ, ಕರಡು ತಿದ್ದಲಿಕ್ಕಾದರೂ. ಆದರೆ ಈ ವಿಮರ್ಶೆಗಳನ್ನು ನಂಬಿ ನಿರ್ಧರಿಸುವವರಲ್ಲಿ ಮಗಳನ್ನು ಬಿ.ಕಾಂ.ಗೆ ಸೇರಿಸಿ, ಸಾಲ ಮಾಡಿ ಒಂದೇ ಒಂದು ಯಂತ್ರ ಕೊಡಿಸುವ ತಂದೆತಾಯಂದಿರೂ ಇದ್ದಾರೆ. ಅವರು ಲ್ಯಾಪ್‌ಟಾಪನ್ನೇ ಕೊಡಿಸಲಿ. ಮೊದಲ ನೌಕರಿಯ ಮೊದಲ ವಾರದಲ್ಲಿ ಅವಳ ಮುಂದೆ ಬರುವ ಫೈಲ್ ಯಾರೋ ಟ್ಯಾಲಿಯಲ್ಲಿ ಮಾಡಿದ್ದಾಗಿರುತ್ತದೆ.